ಆಸ್ಪತ್ರೆ ಅಡುಗೆಮನೆಯ ಡಯಟಿಷಿಯನ್: ಬಳಕೆಯ ಕೈಪಿಡಿ

ಅಭಿನಂದನೆಗಳು. ಎಂಎಸ್ಸಿ ಮುಗಿಸಿ, ಇಂಟರ್ನ್‌ಶಿಪ್ ಮುಗಿಸಿ, ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ ಆರ್‌ಡಿ (ರಿಜಿಸ್ಟರ್ಡ್ ಡಯಟಿಷಿಯನ್) ಪರೀಕ್ಷೆಯನ್ನೂ ಪಾಸು ಮಾಡಿ ಆಸ್ಪತ್ರೆಯ ಅಡುಗೆಮನೆಯ ಉಸ್ತುವಾರಿ ವಹಿಸಿಕೊಂಡಿದ್ದೀರಿ. ಈ ಕೈಪಿಡಿಯನ್ನು ಈಗಲೇ ಓದಿಬಿಡಿ. ಆಮೇಲೆ ಓದಲು ಬಿಡುವು ಸಿಗುವುದಿಲ್ಲ.

ಜೊತೆಗೆ ಬಂದಿರುವ ಸಾಮಾನು

ಬಿಳಿ ಕೋಟು, ತಲೆಗವಸು, ಸ್ಟೋರಿನ ಬೀಗದಕೈ, ಒಂದು ಥರ್ಮಾಮೀಟರು (ಜ್ವರ ನೋಡುವುದಲ್ಲ, ಸಾಂಬಾರು ನೋಡುವುದು). ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕಗಳ ಪುಸ್ತಕವನ್ನು ನೀವೇ ತರಬೇಕು. ರಾಗಿಯಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಎಂಬುದು ಅದರಲ್ಲಿ ಸಿಗುತ್ತದೆ. ಅಡುಗೆಯವರು ಹೇಳದೆ ಕೇಳದೆ ಊರಿಗೆ ಹೋದ ದಿನ ಆ ರಾಗಿಯನ್ನು ಮುದ್ದೆ ಮಾಡುವವರು ಯಾರು ಎಂಬುದು ಸಿಗುವುದಿಲ್ಲ.

ಚಾಲನೆ

ಬೆಳಿಗ್ಗೆ ಆರಕ್ಕೆ ವಾರ್ಡುಗಳಿಂದ ಡಯಟ್ ಶೀಟ್ ತರಿಸಿ. ನಾರ್ಮಲ್, ಸಾಫ್ಟ್, ಲಿಕ್ವಿಡ್, ಡಯಾಬಿಟಿಕ್, ಉಪ್ಪು ಕಡಿಮೆ, ರೀನಲ್, ಆರ್‌ಟಿ ಫೀಡ್ (ಮೂಗಿನ ನಳಿಕೆಯ ಆಹಾರ) ಎಂದು ಎಣಿಸಿ ಅಡುಗೆಮನೆಗೆ ತಿಳಿಸಿ. ತಿಳಿಸುವಷ್ಟರಲ್ಲಿ ಎಣಿಕೆ ತಪ್ಪಾಗಿರುತ್ತದೆ: ಒಬ್ಬರು ಡಿಸ್ಚಾರ್ಜ್, ಇಬ್ಬರು ಐಸಿಯುಗೆ, ಇನ್ನೊಬ್ಬರು ಎನ್‌ಬಿಎಂ, ಅಂದರೆ ಬಾಯಿಗೆ ಏನೂ ಕೊಡುವಂತಿಲ್ಲ.

ಎನ್‌ಬಿಎಂ ರೋಗಿಯ ಪಕ್ಕದಲ್ಲಿ ಕರುಣಾಳುವಾದ ಚಿಕ್ಕಪ್ಪ ಒಬ್ಬರು ಇದ್ದೇ ಇರುತ್ತಾರೆ. “ಅರ್ಧ ಲೋಟ ಕಾಫಿ ತಾನೇ, ಏನಾಗುತ್ತೆ?” ಅರಿವಳಿಕೆಗೆ ಮುಂಚೆ ಬರೀ ನೀರಾದರೆ 2 ಗಂಟೆ, ಹಾಲು ಬೆರೆತ ಕಾಫಿಯಾದರೆ 6 ಗಂಟೆ ಅಂತರ ಬೇಕು. ಅರ್ಧ ಲೋಟಕ್ಕೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಥಿಯೇಟರಿನಿಂದ ಫೋನು ಬರುವುದು ಚಿಕ್ಕಪ್ಪನಿಗಲ್ಲ, ನಿಮಗೆ.

ಬಿಸಿ ಊಟ 60 ಡಿಗ್ರಿಗಿಂತ ಕೆಳಗಿಳಿಯಬಾರದು. ಅಡುಗೆಮನೆ ನೆಲಮಾಳಿಗೆಯಲ್ಲಿ, ವಾರ್ಡು ಐದನೇ ಮಹಡಿಯಲ್ಲಿ, ಲಿಫ್ಟು ಸ್ಟ್ರೆಚರಿನವರ ವಶದಲ್ಲಿ. ಕಾಯುವಾಗ ಟ್ರಾಲಿಯ ಮುಚ್ಚಳ ತೆಗೆದು ನೋಡಬೇಡಿ.

ರೀನಲ್ ಡಯಟ್: ವಿಶೇಷ ಸೂಚನೆ

ಕಿಡ್ನಿ ಸೋತವರ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ಅದಕ್ಕಾಗಿ ಸೊಪ್ಪು, ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಬಸಿದು, ಆ ನೀರನ್ನು ಚೆಲ್ಲಬೇಕು. ಪರೀಕ್ಷೆಯಲ್ಲಿ ಇದನ್ನು ಬರೆಯುವುದು ಸುಲಭ. ಮಂಡ್ಯದ ಕಡೆಯ ಅಡುಗೆಯವರ ಮುಂದೆ ಹೇಳಿ ನೋಡಿ. ಬಸ್ಸಾರು ಮಾಡಿ ಪಳಗಿದ ಕೈ ಅದು. ಬಸಿದ ಕಟ್ಟೇ ಸಾರಿನ ಜೀವ ಎಂದು ನಂಬಿದವರು. “ಕಟ್ಟು ಚೆಲ್ಲೋದಾ ಮೇಡಂ? ಪಾಪ, ಬರೀ ಚರಟ ತಿನ್ನಿಸ್ತೀರಾ ಅವ್ರಿಗೆ?” ವಾದ ಮಾಡಬೇಡಿ. ಸಿಂಕಿನ ಪಕ್ಕ ನಿಂತುಕೊಳ್ಳಿ. ಹಬೆಯಾಡುವ ಹಸಿರು ನೀರು ಚರಂಡಿಗೆ ಹೋಗುವಾಗ ಅವರು ಮುಖ ಆಚೆ ತಿರುಗಿಸುತ್ತಾರೆ. ನೀವು ಆಚೆ ತಿರುಗಿದರೆ ನೀರು ಸಾರಿನ ಪಾತ್ರೆಗೆ ಹೋಗುತ್ತದೆ.

ಹೀಗೆ ತೆಗೆದ ಪೊಟ್ಯಾಶಿಯಂ ಸಂಜೆ ನಾಲ್ಕರ ಮೇಲೆ ಎಳನೀರಿನ ರೂಪದಲ್ಲಿ, ನೋಡಲು ಬಂದವರ ಕೈಯಲ್ಲಿ, ವಾರ್ಡಿಗೆ ವಾಪಸು ಬರುತ್ತದೆ. ಓದಿಕೊಂಡ ಮಗ ಅಂಗಡಿಯಿಂದ ತರುವ ‘ಸೋಡಿಯಂ ಕಡಿಮೆ’ ಉಪ್ಪಿನ ಮೇಲೂ ಕಣ್ಣಿಡಿ. ಅದರಲ್ಲಿ ಸೋಡಿಯಂ ಜಾಗಕ್ಕೆ ಕೂರಿಸಿರುವುದು ಪೊಟ್ಯಾಶಿಯಂ ಕ್ಲೋರೈಡನ್ನೇ.

ಎಚ್ಚರಿಕೆ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯ ಎರಡು ತುದಿಯೂ ವಾರ್ಡಿನಲ್ಲಿ ನಿಮ್ಮ ವಿರುದ್ಧವೇ. ನೀವು ಉಪ್ಪು ತೆಗೆಯುತ್ತೀರಿ, ತಾಯಿ ಸೆರಗಿನ ಮರೆಯಲ್ಲಿ ಉಪ್ಪಿನಕಾಯಿ ಡಬ್ಬಿ ತರುತ್ತಾರೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಗಟ್ಟಿಮುಟ್ಟಾಗಿರುವವರಿಗೇ ಹೇಳಿದೆ ಎಂದು ವಿವರಿಸಿ. “ಒಂದೇ ಒಂದು ಹೋಳು ಕಣವ್ವಾ, ಅವನಿಗೆ ಅನ್ನ ಇಳಿಯಾಕಿಲ್ಲ” ಎಂದು ಉತ್ತರ ಬರುತ್ತದೆ. ಉಪ್ಪಿನಕಾಯಿ ಕಿತ್ತುಕೊಳ್ಳುವುದು ಈ ಯಂತ್ರದ ಕೆಲಸವಲ್ಲ. ಆ ತಾಯಿ ಹೇಳಿದ್ದರಲ್ಲಿ ಅರ್ಧ ನಿಜವಿದೆ, ಅನ್ನ ಇಳಿಯುತ್ತಿಲ್ಲ. ಅಡುಗೆಮನೆಗೆ ಹೋಗಿ ಒಗ್ಗರಣೆಗೆ ಇಂಗು, ತಟ್ಟೆಯ ಅಂಚಿಗೆ ನಿಂಬೆಹೋಳು ಮಂಜೂರು ಮಾಡಿಸಿ.

ತೊಂದರೆ ನಿವಾರಣೆ

ಗ್ಯಾಸ್ ಮುಗಿದರೆ: ತಿಂಡಿಯ ಹೊತ್ತಿಗೇ ಮುಗಿಯುತ್ತದೆ. 19 ಕೆ.ಜಿ.ಯ ತುಂಬಿದ ಸಿಲಿಂಡರು ಒಂದು ಸದಾ ಇರಲಿ.

ತಟ್ಟೆ ತುಂಬಿದಂತೆಯೇ ವಾಪಸು ಬಂದರೆ: ನಿಮ್ಮ ನಿಜವಾದ ಕೆಲಸ ಇಲ್ಲಿ ಶುರು. ಡಯಾಲಿಸಿಸ್ ಮಾಡಿಸಿಕೊಳ್ಳುವ 60 ಕೆ.ಜಿ. ತೂಕದವರಿಗೆ ದಿನಕ್ಕೆ 60ರಿಂದ 72 ಗ್ರಾಂ ಪ್ರೋಟೀನ್ ಬೇಕು. ಕಂಪ್ಯೂಟರಿನಲ್ಲಿ ಅಷ್ಟೂ ಕೊಟ್ಟಿದ್ದೀರಿ. ಆದರೆ ಮೊಟ್ಟೆ ತಟ್ಟೆಯಲ್ಲೇ ಇದ್ದರೆ 6 ಗ್ರಾಂ ಹೋಯಿತು. ತೊಳೆಯುವ ಜಾಗಕ್ಕೆ ಹೋಗಿ, ಮರಳಿದ ತಟ್ಟೆಗಳನ್ನು ಕೇಸ್ ಶೀಟಿನಷ್ಟೇ ಶ್ರದ್ಧೆಯಿಂದ ಓದಿ. ಒಂದು ತಟ್ಟೆಯಲ್ಲಿ ಮೊಸರು ಖಾಲಿ, ಪಲ್ಯ ಖಾಲಿ, ಚಪಾತಿಯ ನಡುಭಾಗ ಮಾತ್ರ ಕಿತ್ತು ತಿಂದು ಅಂಚು ಬಿಟ್ಟಿದ್ದಾರೆ. ಮೇಲೆ ಹೋಗಿ ವಿಚಾರಿಸಿದರೆ ಗೊತ್ತಾಗುತ್ತದೆ: ಹಲ್ಲಿಲ್ಲದ ಅಜ್ಜನಿಗೆ ಯಾರೋ ನಾರ್ಮಲ್ ಡಯಟ್ ಬರೆದಿದ್ದಾರೆ.

ವಾರಂಟಿ

2021ರಲ್ಲಿ ಸಂಸತ್ತು ಮಾಡಿದ ಕಾಯ್ದೆ ನಿಮ್ಮನ್ನು ಆರೋಗ್ಯ ವೃತ್ತಿಯವರ ಸಾಲಿಗೆ ಸೇರಿಸಿದೆ. “ಕ್ಯಾಂಟೀನ್ ಮೇಡಂ” ಎಂದು ಕರೆಸಿಕೊಳ್ಳುವುದರಿಂದ ರಕ್ಷಣೆ ಅದರಲ್ಲಿ ಸೇರಿಲ್ಲ.

ರೋಗಿಯ ಕಡೆಯವರ ಗಮನಕ್ಕೆ: ಮನೆಯ ಡಬ್ಬಿ ತರಲೇಬೇಕು ಅನ್ನಿಸಿದರೆ ತನ್ನಿ. ದಿಂಬಿನ ಹಿಂದೆ ಮಾತ್ರ ಬಚ್ಚಿಡಬೇಡಿ. ಮುಚ್ಚಳ ತೆಗೆದು ಮೊದಲು ಡಯಟಿಷಿಯನ್‌ಗೆ ತೋರಿಸಿ.