ರಾಜ್ಯ ಚಿಟ್ಟೆಗೆ ಕೊಪ್ಪಳದಿಂದ ಒಂದು ಅರ್ಜಿ

ಗೆ,
ಶ್ರೀ ಸದರ್ನ್ ಬರ್ಡ್‌ವಿಂಗ್ ಅವರು,
ಕರ್ನಾಟಕ ರಾಜ್ಯ ಚಿಟ್ಟೆ,
ಕಾಯಂ ವಿಳಾಸ: ಪಶ್ಚಿಮ ಘಟ್ಟ.

ವಿಷಯ: ತಾವು ಕೊಪ್ಪಳ ಜಿಲ್ಲೆಗೆ ಇದುವರೆಗೂ ಭೇಟಿ ನೀಡದಿರುವ ಬಗ್ಗೆ, ಮತ್ತು ಮುಂದೆಯೂ ನೀಡಬಾರದೆಂದು ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕಳೆದ ಭಾನುವಾರ ನಾವು ನಾಲ್ಕೈದು ಗೆಳೆಯರು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಜಿಲ್ಲೆಯ ಒಂದು ಉದ್ಯಾನಕ್ಕೆ ಚಿಟ್ಟೆಗಳ ಫೋಟೋ ತೆಗೆಯಲು ಹೋಗಿದ್ದೆವು. ಯಾವ ಉದ್ಯಾನ ಎಂದು ಬರೆಯುವುದಿಲ್ಲ. ಬರೆದರೆ ಆ ಊರಿನವರು ಸಿಟ್ಟಾಗುತ್ತಾರೆ; ಉಳಿದ ಊರಿನವರು, ನಮ್ಮದೂ ಹಾಗೇ ಇದೆಯಲ್ಲ, ನಮ್ಮನ್ನು ಯಾಕೆ ಬಿಟ್ಟಿರಿ ಎಂದು ಇನ್ನೂ ಸಿಟ್ಟಾಗುತ್ತಾರೆ.

ಗೇಟು ದಾಟಿದ ಕೂಡಲೇ ತಮ್ಮದೇ ದರ್ಶನವಾಯಿತು. ಸಿಮೆಂಟಿನಲ್ಲಿ. ಕಪ್ಪು-ಹಳದಿ ಆಯಿಲ್ ಪೇಂಟು, ಆಳೆತ್ತರದ ರೆಕ್ಕೆ, ನಡುವೆ ನಿಂತು ಸೆಲ್ಫಿ ತೆಗೆದುಕೊಳ್ಳಲು ಒಂದು ಕಟ್ಟೆ. ನಮ್ಮ ಜೊತೆಗಿದ್ದ ವಿಜ್ಞಾನದ ಮಾಸ್ತರರು ಸುತ್ತು ಹಾಕಿ ಎಣಿಸಿ, "ಎಂಟ್ ಕಾಲ್ ಅದಾವಲ್ರೀ" ಎಂದರು. ಚಿಟ್ಟೆಗೆ ಆರು, ಜೇಡಕ್ಕೆ ಎಂಟು. ಎರಡು ಕಾಲು ಹೆಚ್ಚಿಗೆ ಕೊಟ್ಟದ್ದು ಗೌರವಕ್ಕೋ, ಬಿಲ್ಲಿಗೋ, ಗುತ್ತಿಗೆದಾರರೇ ಹೇಳಬೇಕು.

ತಮ್ಮ ಹಿರಿಮೆಯ ಬಗ್ಗೆ ನಮಗೆ ತಕರಾರಿಲ್ಲ. ಮಹಾರಾಷ್ಟ್ರ 2015ರಲ್ಲಿ ಬ್ಲೂ ಮಾರ್ಮನ್‌ಗೆ ರಾಜ್ಯ ಚಿಟ್ಟೆಯ ಪಟ್ಟ ಕಟ್ಟಿ ದೇಶಕ್ಕೇ ಮೊದಲಿಗನಾಯಿತು. ನಾವು ಹಿಂದೆ ಬೀಳಬಾರದೆಂದು ತಮ್ಮನ್ನು ಹುಡುಕಿಕೊಂಡೆವು. 1932ರಲ್ಲಿ ಇವಾನ್ಸ್ ಎಂಬ ಬ್ರಿಟಿಷ್ ಬ್ರಿಗೇಡಿಯರ್ ತಮ್ಮ ಕುಲದವರೊಬ್ಬರ ರೆಕ್ಕೆ ಅಳೆದು 190 ಮಿಲಿಮೀಟರ್ ಎಂದು ಬರೆದಿಟ್ಟ ಮೇಲೆ ಭಾರತದ ಅತಿದೊಡ್ಡ ಚಿಟ್ಟೆ ಎಂಬ ಕುರ್ಚಿ ತಮ್ಮದೇ ಆಗಿತ್ತು. 2020ರಲ್ಲಿ ಉತ್ತರಾಖಂಡದ ದೀದೀಹಾಟ್‌ನ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ತೋರಿಸಿ ಕುರ್ಚಿ ಕಸಿದುಕೊಂಡಿತು. ನಾಲ್ಕು ಮಿಲಿಮೀಟರಿನಲ್ಲಿ ಸೋತವರ ಸಂಕಟ ನಮಗೆ ಗೊತ್ತು. ನಮ್ಮ ಕಡೆ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿದ್ದಾರೆ.

ಆದರೆ ರಾಜ್ಯದ ಉಳಿದ ಲಾಂಛನಗಳನ್ನು ನೋಡಿ. ರಾಜ್ಯ ಪಕ್ಷಿ ನೀಲಕಂಠ ನಮ್ಮ ಹೊಲದ ಕರೆಂಟ್ ತಂತಿಯ ಮೇಲೆ ದಿನವೂ ಹಾಜರಿ ಹಾಕುತ್ತದೆ. ರಾಜ್ಯ ಪ್ರಾಣಿ ಆನೆ ನಮ್ಮಲ್ಲಿಲ್ಲದಿದ್ದರೂ ಹೊಳೆಯಾಚೆ ಹಂಪಿಯ ಗುಡಿಯಲ್ಲಿ ನಿಂತು ತಲೆ ಮೇಲೆ ಸೊಂಡಿಲಿಟ್ಟು ಆಶೀರ್ವಾದ ಮಾಡುತ್ತದೆ. ತಾವು ಮಾತ್ರ ಘಟ್ಟ ಇಳಿಯುವುದಿಲ್ಲ. ತಮ್ಮ ಮರಿಹುಳ ತಿನ್ನುವುದು ಈಶ್ವರಿ ಬಳ್ಳಿಯ ಜಾತಿಯ ಎಲೆ. ತಮಗೆ ಮಳೆ ಬೇಕು, ನೆರಳು ಬೇಕು. ಇಲ್ಲಿ ಎರಡಕ್ಕೂ ಅರ್ಜಿ ಹಾಕಿ ಕಾಯುತ್ತಿರುವವರು ನಾವೇ. ತಮ್ಮದೇ ಘಟ್ಟದಿಂದ ಬ್ಲೂ ಟೈಗರ್, ಕಾಮನ್ ಕ್ರೋಗಳು ಮುಂಗಾರಿಗೆ ಮೊದಲು ಗುಂಪುಗುಂಪಾಗಿ ಪೂರ್ವದ ಬಯಲಿಗೆ ಬರುತ್ತವೆ, ಹಿಂಗಾರಿನ ಹೊತ್ತಿಗೆ ಮರಳುತ್ತವೆ. ಅಂದರೆ ಗುಳೆ. ಕುಷ್ಟಗಿ, ಯಲಬುರ್ಗಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಳೆ ಹೋಗುವವರಿಗೆ ಯಾವ ರಾಜ್ಯವೂ ಪಟ್ಟ ಕಟ್ಟುವುದಿಲ್ಲ ಎಂಬುದು ಚಿಟ್ಟೆಗಳಿಗೂ ಅನ್ವಯಿಸುತ್ತದೆಂದು ಆವತ್ತೇ ತಿಳಿದದ್ದು.

ಇನ್ನು ನಮ್ಮ ತಂಡ. ಒಬ್ಬ ಮದುವೆ ಫೋಟೋಗ್ರಾಫರ್. ಅಭ್ಯಾಸಬಲ, ಎಲೆ ಮೇಲೆ ಕೂತ ಮಿಡತೆಗೂ "ಗದ್ದ ಸ್ವಲ್ಪ ಮ್ಯಾಲೆತ್ರಿ" ಎನ್ನುತ್ತಾನೆ. ಒಬ್ಬ ವಿಮಾ ಏಜೆಂಟ್. ಚಿಟ್ಟೆಯಾದ ಮೇಲೆ ಬಹಳಷ್ಟು ಜಾತಿಗಳ ಆಯುಷ್ಯ ಎರಡು-ಮೂರು ವಾರವೆಂದು ಮಾಸ್ತರರು ಹೇಳಿದಾಗ ಅವನ ಮುಖ ಬಾಡಿತು. "ಮೊದಲನೇ ಕಂತು ತುಂಬೂದ್ರಾಗ ಕ್ಲೇಮ್ ಬರ್ತೈತಿ" ಎಂದ. ನಾನು ಬರೆಯುವವನು; ಆದ್ದರಿಂದ ಚೀಲ ಹೊರುವ ಕೆಲಸ ನನ್ನದು. ಬರುವ ದಾರಿಯಲ್ಲಿ ಒಗ್ಗರಣಿ-ಮಿರ್ಚಿ ಕಟ್ಟಿಸಿಕೊಂಡಿದ್ದೆವು. ಗಿಣಿಗೇರಾ ದಾಟುವಾಗ ಕಾರಿನ ಗಾಜು ಏರಿಸಿಕೊಂಡೆವು. ಅಲ್ಲಿ ಕಾರ್ಖಾನೆಗಳ ಮಸಿಯಲ್ಲಿ ಬಿಳಿ ಚಿಟ್ಟೆಯೂ ಸಂಜೆಯೊಳಗೆ ಕಾಮನ್ ಕ್ರೋ ಆಗುತ್ತದೆಂದು ಏಜೆಂಟ್ ಹೇಳಿದ. ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಅಲ್ಲಿ ಬಟ್ಟೆ ಒಣಹಾಕುವವರು ಒಪ್ಪುತ್ತಾರೆ.

ಉದ್ಯಾನ ಅಚ್ಚುಕಟ್ಟಾಗಿತ್ತು, ಸುಳ್ಳು ಹೇಳಬಾರದು. ಕೊರಿಯನ್ ಹುಲ್ಲಿನ ಹಾಸು, ಕ್ರೋಟನ್ ಸಾಲು, ಕೊನೊಕಾರ್ಪಸ್ ಗೋಡೆ, ಕಾಗದದ ಹೂವಿನ ಕಮಾನು. ಡುರಾಂಟಾ ಬೇಲಿಗೆ ಮೊಗ್ಗು ಮೂಡುವ ಮೊದಲೇ ಕತ್ತರಿ ಆಡಿಸಿ ಇಟ್ಟಿಗೆಯಂತೆ ಮಾಡಿದ್ದರು. ಅಲ್ಲಲ್ಲಿ "ಹೂ ಕೀಳಬಾರದು" ಎಂಬ ಫಲಕ. ಕೀಳಲು ಹೂವೇ ಇಲ್ಲದ್ದರಿಂದ ನಿಯಮ ನೂರಕ್ಕೆ ನೂರು ಪಾಲನೆಯಾಗುತ್ತಿತ್ತು. ಬಿಸಿಲು ಕಾಯಲು ಚಿಟ್ಟೆಗಳು ರೆಕ್ಕೆ ಬಿಚ್ಚಿ ಕೂರುವ, ಫೋಟೋಕ್ಕೆ ಹೇಳಿಮಾಡಿಸಿದಂಥ ಬೆಳಗಿನ ಹೊತ್ತು. ಬಾಡಿಗೆಗೆ ತಂದ ಮ್ಯಾಕ್ರೋ ಲೆನ್ಸ್ ಸಿದ್ಧ. ಚಿಟ್ಟೆ ಮಾತ್ರ ಇರಲಿಲ್ಲ. ಮದುವೆ ಫೋಟೋಗ್ರಾಫರ್ ಬೇಸತ್ತು ತಮ್ಮ ಸಿಮೆಂಟ್ ಪ್ರತಿಮೆಗೇ ಹಲವು ಕೋನ ಹುಡುಕಿದ.

ಅಷ್ಟರಲ್ಲಿ ಮಾಲಿ ಬಂದ. ಬೆನ್ನ ಮೇಲೆ ಸ್ಪ್ರೇ ಪಂಪು.

"ಏನ್ರೀ ಯಪ್ಪಾ, ಪಾತರಗಿತ್ತಿ ಒಂದೂ ಇಲ್ಲಲ್ಲ?"

"ಬರ್ತಾವ್ರೀ, ಯಾಕ ಬರಂಗಿಲ್ಲ. ನಿಂಬಿ ಗಿಡಕ್ಕ, ಕರಿಬೇವಿಗೆ ಹುಳ ಬಿದ್ದಿದ್ವು. ಹಕ್ಕಿ ಹೇತಂಗ ಕಾಣ್ತಾವ್ ನೋಡ್ರಿ, ಅಸಹ್ಯ. ಭಾನುವಾರ ಮಂದಿ ಚಿಟ್ಟಿ ನೋಡಾಕ ಬರ್ತಾರಂತ ನಿನ್ನೇನ ಎಣ್ಣಿ ಹೊಡದು ಸ್ವಚ್ಛ ಮಾಡೀನ್ರಿ."

ಮಾಸ್ತರರು ತಲೆ ಮೇಲೆ ಕೈಹೊತ್ತು ಕುಳಿತರು. ಹಕ್ಕಿ ಹಿಕ್ಕೆಯಂತೆ ಕಾಣುವ ಆ ಹುಳವೇ ಲೈಮ್ ಬಟರ್‌ಫ್ಲೈ. ಹಕ್ಕಿಯ ಕಣ್ಣು ತಪ್ಪಿಸಲು ಅದು ಆ ವೇಷ ಹಾಕುತ್ತದೆ. ಪಂಪಿನ ಮುಂದೆ ವೇಷ ನಡೆಯುವುದಿಲ್ಲ. ಮಾಲಿಯದೇನೂ ತಪ್ಪಿಲ್ಲ. ಅವನಿಗೆ ಕೊಟ್ಟ ಕೆಲಸದ ಪಟ್ಟಿಯಲ್ಲಿ ಚಿಟ್ಟೆ ಒಂದು ಕಡೆ, ಹುಳ ಇನ್ನೊಂದು ಕಡೆ. ಎರಡೂ ಒಂದೇ ಜೀವವೆಂದು ಪಟ್ಟಿ ಮಾಡಿದವರಿಗೆ ಯಾರೂ ಹೇಳಿಲ್ಲ, ಅಥವಾ ಆ ಕಡತ ಬೇರೆ ಮೇಜಿನ ಮೇಲಿದೆ. ಬನ್ನೇರುಘಟ್ಟದಲ್ಲಿ 2006ರಲ್ಲಿ ದೇಶದ ಮೊದಲ ಚಿಟ್ಟೆ ಉದ್ಯಾನ ಶುರುವಾದಾಗಿನಿಂದ ನಮ್ಮ ಕಡೆಯಿಂದ ಪ್ರವಾಸ ಹೋಗಿ ಬಂದವರೆಲ್ಲ ಹೇಳುವುದು ಅಲ್ಲಿನ ಗುಮ್ಮಟದ ಮಾತು. ಗುಮ್ಮಟದೊಳಗೆ ಚಿಟ್ಟೆ ಹಾರಬೇಕಾದರೆ ಎಲ್ಲೋ ಒಂದು ಕಡೆ ಹುಳಗಳು ಕೂತು ಎಲೆ ಹರಿದು ತಿನ್ನಲೇಬೇಕು ಎನ್ನುವುದು ಯಾರ ಫೋಟೋದಲ್ಲೂ ಬರುವುದಿಲ್ಲ. ಹರಿದ ಎಲೆಯ ಜೊತೆ ಯಾರು ಸೆಲ್ಫಿ ತೆಗೆದುಕೊಳ್ಳುತ್ತಾರೆ?

ಕೊನೆಗೆ ನಮಗೆ ದಾರಿ ತೋರಿಸಿದ್ದು ಮಿರ್ಚಿ. ನೀರು ಕುಡಿಯಲು, ಕೈ ತೊಳೆಯಲು ಕಾಂಪೌಂಡಿನ ಹಿಂದಿನ ಟ್ಯಾಂಕಿನ ಹತ್ತಿರ ಹೋದೆವು. ನಳ ಸೋರುತ್ತಿತ್ತು. ಪಕ್ಕದಲ್ಲೇ ಗಂಡಸರು ಗೋಡೆಯನ್ನು ಹೇಗೆ ಬಳಸುತ್ತಾರೋ ಹಾಗೆ ಬಳಸಿದ ಗೋಡೆ. ಆ ಹಸಿ ಮಣ್ಣಿನ ಮೇಲೆ, ಮಾನ್ಯರೇ, ಚಿಟ್ಟೆಗಳ ಮಹಾಸಭೆ ನಡೆದಿತ್ತು! ಗಂಡು ಚಿಟ್ಟೆಗಳಿಗೆ ಉಪ್ಪಿನಂಶ ಬೇಕು. ಕೆಸರು, ಸಗಣಿ, ಉಚ್ಚೆ ಯಾವುದಕ್ಕೂ ಹೇಸುವುದಿಲ್ಲ. ಸುತ್ತ ಯಾರೂ ನೆಡದ, ಯಾರೂ ನೀರುಣಿಸದ ಗಿಡಗಳು: ಎಕ್ಕೆ, ಔಡಲ, ಹೊನ್ನಾವರಿಕೆ, ತುಂಬೆ, ಉತ್ತರಾಣಿ, ಜಾಲಿ. ಎಕ್ಕೆಯ ಮೇಲೆ ಪ್ಲೇನ್ ಟೈಗರ್ ಮೊಟ್ಟೆಯಿಡುತ್ತಿತ್ತು. ಅದರ ಹುಳ ಎಕ್ಕೆಯ ವಿಷವನ್ನು ಮೈಯಲ್ಲಿ ತುಂಬಿಕೊಳ್ಳುತ್ತದೆ, ಒಮ್ಮೆ ತಿಂದ ಹಕ್ಕಿ ಇನ್ನೊಮ್ಮೆ ಹತ್ತಿರ ಬರುವುದಿಲ್ಲ. ಶನಿವಾರ ನಮ್ಮ ಜನ ಹನುಮಪ್ಪನಿಗೆ ಹಾರ ಮಾಡಿ ಹಾಕುವುದು ಇದೇ ಎಕ್ಕೆಯ ಎಲೆ. ಸೋಮವಾರ ಉದ್ಯಾನದೊಳಗೆ ಮೂಡಿದರೆ ಅದೇ ಎಕ್ಕೆ ಕಳೆ.

ತಮ್ಮ ದಾಯಾದಿಗಳೂ ಸಿಕ್ಕರು. ಕ್ರಿಮ್ಸನ್ ರೋಸ್: ಕಪ್ಪು ರೆಕ್ಕೆ, ಬಿಳಿ ಪಟ್ಟಿ, ಕುಂಕುಮದ ಮೈ. ತಮ್ಮ ಈಶ್ವರಿ ಬಳ್ಳಿಯದೇ ಕುಲದ, ನಮ್ಮ ಎರಿ ಹೊಲದಲ್ಲಿ ನೆಲಕ್ಕೆ ಹರಡುವ ಒಂದು ಕಳೆಯನ್ನು ತಿಂದುಕೊಂಡು ಘಟ್ಟದ ಹಂಗಿಲ್ಲದೆ ಬದುಕುತ್ತವೆ. ಡನಾಯ್ಡ್ ಎಗ್‌ಫ್ಲೈ ಕೂಡ ಇತ್ತು. ಅದರ ಹೆಣ್ಣು ವಿಷದ ಪ್ಲೇನ್ ಟೈಗರ್‌ನ ವೇಷ ಹಾಕಿ ಓಡಾಡುತ್ತದೆ. ಅದರ ಹುಳದ ಊಟ ಗೋಣಿಸೊಪ್ಪು. 2022ರ ತಿದ್ದುಪಡಿಯಲ್ಲಿ ಪಟ್ಟಿಗಳನ್ನು ಹೊಸದಾಗಿ ಬರೆಯುವ ತನಕ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ದಶಕಗಳ ಕಾಲ ಕ್ರಿಮ್ಸನ್ ರೋಸ್, ಡನಾಯ್ಡ್ ಎಗ್‌ಫ್ಲೈ ಎರಡೂ ಇದ್ದವು. ಹುಲಿ ಇದ್ದದ್ದು ಅದೇ ಪಟ್ಟಿಯಲ್ಲಿ. ಹುಲಿಯ ಸಮಾನ ದರ್ಜೆಯ ಪ್ರಾಣಿ ನಮ್ಮ ಮೂತ್ರಿಯ ಗೋಡೆ ಪಕ್ಕ ಸಂಸಾರ ಹೂಡಿತ್ತು ಎಂದು ಕೇಳಿ ಏಜೆಂಟ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಫೋಟೋಗ್ರಾಫರ್ ಅಲ್ಲಿಯೇ ಮೊಣಕಾಲೂರಿ, ಮೂಗು ಮುಚ್ಚಿಕೊಂಡು, ತನ್ನ ಜನ್ಮದ ಅತಿ ಒಳ್ಳೆಯ ಚಿತ್ರಗಳನ್ನು ತೆಗೆದ.

ಈ ಎಲ್ಲ ಕಾರಣದಿಂದ ತಮ್ಮನ್ನು ಕೊಪ್ಪಳಕ್ಕೆ ಆಹ್ವಾನಿಸಿ, ಸ್ವಂತ ಕಣ್ಣಿಂದ ನೋಡಿ ಎನ್ನಬೇಕೆಂದು ಮಧ್ಯಾಹ್ನದ ತನಕ ಅಂದುಕೊಂಡಿದ್ದೆವು. ಆಮೇಲೆ ಮಾಸ್ತರರು ಎಚ್ಚರಿಸಿದರು. ರಾಜ್ಯ ಮಟ್ಟದವರು ಬರುತ್ತಾರೆಂದರೆ ಏನಾಗುತ್ತದೆ ಗೊತ್ತಲ್ಲ? ಹಿಂದಿನ ದಿನವೇ ಜೆಸಿಬಿ ಬರುತ್ತದೆ. ಎಕ್ಕೆ, ಔಡಲ, ತುಂಬೆ ಬೇರುಸಹಿತ ಟ್ರ್ಯಾಕ್ಟರ್ ಏರುತ್ತವೆ. ಸೋರುವ ನಳ ಅಂದೊಂದು ದಿನ ಸೋರುವುದಿಲ್ಲ. ಗೋಡೆಗೆ ಸುಣ್ಣ, ಕೆಸರಿಗೆ ಬ್ಲೀಚಿಂಗ್ ಪೌಡರ್, ದಾರಿಗೆ ರಂಗೋಲಿ. ರಂಗೋಲಿಯಲ್ಲಿ ಚಿಟ್ಟೆ ಖಂಡಿತ ಇರುತ್ತದೆ. ಆದ್ದರಿಂದ ತಾವು ದಯವಿಟ್ಟು ಬರಬಾರದು.

ಬದಲಿಗೆ ಕುಳಿತಲ್ಲಿಂದಲೇ ಒಂದು ಶಿಫಾರಸು ಪತ್ರ ಕಳಿಸಿದರೆ ಸಾಕು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದು ಸುಮಾರು 332 ಹೆಕ್ಟೇರ್ ಕುರುಚಲು ಭೂಮಿಯನ್ನು ಧಾಮ ಮಾಡಿದ್ದಾರೆ. ಒಣಗಿದಂತೆ ಕಾಣುವ ನೆಲವೂ ಕೆಲವರ ಮನೆ ಎಂದು ಸರ್ಕಾರಕ್ಕೆ ಅರ್ಥವಾಗುತ್ತದೆ ಎನ್ನಲು ಅದು ಸಾಕ್ಷಿ. ನಾವು ಕೇಳುತ್ತಿರುವುದು ಹೆಕ್ಟೇರ್ ಅಲ್ಲ. ಪ್ರತಿ ಉದ್ಯಾನದಲ್ಲಿ ಒಂದು ಮೂಲೆ, ಅಲ್ಲಿ ಕುಡುಗೋಲು, ಪಂಪು ಎರಡಕ್ಕೂ ಪ್ರವೇಶವಿಲ್ಲ. ನಳದಿಂದ ಸ್ವಲ್ಪ ನೀರು ಅಧಿಕೃತವಾಗಿ ಸೋರಬೇಕು. ಜೊತೆಗೆ ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಅನ್ನು ಉದ್ಯಾನದ ಗಿಡಗಳ ನೇಮಕಾತಿಗೂ ಅನ್ವಯಿಸಬೇಕು. ನಮ್ಮ ಹುಡುಗರು ಅರ್ಹತಾ ಪ್ರಮಾಣಪತ್ರಕ್ಕೆ ಕಚೇರಿ ಕಚೇರಿ ಅಲೆಯುವಾಗ ಕೊರಿಯಾ ಹೆಸರಿನ ಹುಲ್ಲು, ಬ್ರೆಜಿಲಿನ ಕಾಗದದ ಹೂ, ಅಮೆರಿಕದ ಡುರಾಂಟಾ ಯಾವ ದಾಖಲೆ ತೋರಿಸಿ ಒಳಗೆ ಬಂದವು? ಎಕ್ಕೆಯ ಹತ್ತಿರ ಅಜ್ಜನ ಕಾಲದಿಂದ ಇಲ್ಲೇ ವಾಸವಿದ್ದದ್ದಕ್ಕೆ ಪುರಾವೆಯಿದೆ.

ಭತ್ತದ ಗದ್ದೆಗಳ ವಿಷಯ ಇಲ್ಲಿ ಎತ್ತುವುದಿಲ್ಲ. ಗಂಗಾವತಿಯ ಸೋನಾ ಮಸೂರಿಯ ಎಲೆಯನ್ನು ಈವನಿಂಗ್ ಬ್ರೌನ್ ಎಂಬ ಚಿಟ್ಟೆಯ ಹುಳವೂ ತಿನ್ನುತ್ತದೆ. ಅದರ ಪರ ವಕಾಲತ್ತು ವಹಿಸಿದರೆ ರೈತರು ನಮ್ಮನ್ನು ಊರೊಳಗೆ ಬಿಡುವುದಿಲ್ಲ. ಅದನ್ನು ಬೇರೆ ಅರ್ಜಿಯಲ್ಲಿ, ಬೇರೆ ಹೆಸರಿನಲ್ಲಿ ಸಲ್ಲಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಕ್ಯಾಮೆರಾ ಸಮೇತ ಕೊಪ್ಪಳದವರು

ಅಡಕ: ಮೂತ್ರಿ ಗೋಡೆಯ ಪಕ್ಕ ತೆಗೆದ ಚಿತ್ರಗಳು (ವಾಸನೆ ಹೊರತುಪಡಿಸಿ).

ಪ್ರತಿಗಳು:
ಉದ್ಯಾನದ ಮಾಲಿಗೆ, ಮುಂದಿನ ಸಲ ಎಣ್ಣಿ ಹೊಡೆಯುವ ಮೊದಲು ಫೋನ್ ಮಾಡಲು ಕೋರಿ.
ಪ್ರತಿಮೆಯ ಗುತ್ತಿಗೆದಾರರಿಗೆ, ಹೆಚ್ಚುವರಿ ಎರಡು ಕಾಲುಗಳನ್ನು ವಾಪಸ್ ಪಡೆಯುವ ಬಗ್ಗೆ.
ಊರ ಆಡುಗಳಿಗೆ, ಎಲ್ಲವನ್ನೂ ಮೇಯ್ದು ಎಕ್ಕೆಯನ್ನು ಬಿಟ್ಟದ್ದಕ್ಕಾಗಿ, ವಂದನೆಗಳೊಂದಿಗೆ.