ಕರಪ್ಟ್ ಆಗೇತ್ರಿ!

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿನ ತಾಲ್ಲೂಕು ಕಚೇರಿ ಎದುರು ನಿಂತರೂ ಈ ಮನುಷ್ಯ ಸಿಗುತ್ತಾನೆ. ಬೋರ್ಡಿನ ಮೇಲೆ 'ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ'. ಒಳಗೆ ಒಂದು ಕಂಪ್ಯೂಟರು, ಗೋಡೆಗೆ ಕೊಟ್ಟೂರೇಶ್ವರನ ಫೋಟೋ, ಕೀಬೋರ್ಡಿನ ಸಂದಿಯಲ್ಲಿ ಮಂಡಕ್ಕಿ. ಊರವರ ಪಾಲಿಗೆ ಇವನು ಕಂಪ್ಯೂಟರ್ ಅಣ್ಣ.

ಉಳಿದೆಲ್ಲ ಕೆಲಸಕ್ಕೂ ರೇಟಿದೆ. 'ಓಪನ್ ಆಗವಲ್ದು' ಎಂದು ತಂದ ಜಿಪ್ ಫೈಲಿಗೆ ಮಾತ್ರ ಇಲ್ಲ, ಅದು ಮರ್ಯಾದೆಯ ಪ್ರಶ್ನೆ. ಪೆನ್‌ಡ್ರೈವ್ ಇನ್ನೂ ನಿಮ್ಮ ಕೈಯಲ್ಲಿರುವಾಗಲೇ ತೀರ್ಪು ಬಂದಿರುತ್ತದೆ: "ಕರಪ್ಟ್ ಆಗೇತ್ರಿ." ವಿಚಾರಣೆ ಶುರುವಾಗುವುದು ಆಮೇಲೆ. ಪೆನ್‌ಡ್ರೈವಿನ ಬಾಯಿಗೆ ಉಫ್ ಎಂದು ಊದುತ್ತಾನೆ. ಏಳೆಂಟು ಸಲ ರಿಫ್ರೆಶ್ ಒತ್ತುತ್ತಾನೆ. ಅದರಿಂದ ಫೈಲಿಗೇನೂ ಆಗದು, ಅವನಿಗೆ ಸಮಾಧಾನ. ಮುಂದೆ ಜಿಪ್ ಬಿಚ್ಚುವ ವಿನ್‌ರಾರ್. 40 ದಿನ ಪುಕ್ಕಟೆ ಆಯಿತು, ಇನ್ನು ದುಡ್ಡು ಕೊಡಿ ಎಂದು ಅದು ವರ್ಷಗಟ್ಟಲೆಯಿಂದ ಕೇಳುತ್ತಲೇ ಇದೆ. ಅಂಗಡಿಗೆ 'ಉದ್ರಿ ಇಲ್ಲ' ಎಂದು ಬೋರ್ಡ್ ಬರೆಸಿದ ಇವನೇ ಆ ಕೋರಿಕೆಯನ್ನು ಓದದೆ ಮುಚ್ಚುತ್ತಾನೆ.

ಹಾಗಂತ ಇವನನ್ನು ಹಗುರವಾಗಿ ಕಾಣುವಂತಿಲ್ಲ. 1989ರಲ್ಲಿ ಜಿಪ್ ಹುಟ್ಟಿಸಿದ ಅಮೆರಿಕದ ಫಿಲ್ ಕ್ಯಾಟ್ಸ್‌ನ ಹೆಸರು ಇವನು ಕೇಳಿಲ್ಲ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲಿಗೇ ಕಾಣುವ 'ಪಿಕೆ' ಆ ಪುಣ್ಯಾತ್ಮನ ಇನಿಷಿಯಲ್ಲು ಎಂಬುದೂ ಗೊತ್ತಿಲ್ಲ. ಪಿಕೆ ಕಂಡರೆ ಅಸಲಿ ಜಿಪ್, ಕಾಣದಿದ್ದರೆ ಯಾರೋ ಹೆಸರು ಬದಲಿಸಿ ಕಳಿಸಿದ್ದು ಅನ್ನುವುದು ಮಾತ್ರ ಗೊತ್ತು. ಜಿಪ್ಪಿನೊಳಗೆ ಏನೇನಿದೆ ಎಂಬ ಪಟ್ಟಿ ಇರುವುದು ಫೈಲಿನ ಕೊನೆಗೆ. ನೆಟ್‌ವರ್ಕ್ ಕೈಕೊಟ್ಟು ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಆ ಪಟ್ಟಿಯೇ ಬಂದಿರುವುದಿಲ್ಲ, ವಿಂಡೋಸ್ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಇವನ ಬಾಯಲ್ಲಿ ಇಷ್ಟೇ: "ಬಾಲ ಬಂದಿಲ್ರಿ. ಕಳಿಸಿದೋರಿಗೆ ಸೈಜ್ ಕೇಳ್ರಿ." ಅಲ್ಲಿ 18 ಎಂಬಿ, ಇಲ್ಲಿ 11. ಮುಗೀತು.

ಹರಪನಹಳ್ಳಿಯ ಅಣ್ಣನ ಕಷ್ಟವೇ ಬೇರೆ. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಕದಲಲಿಲ್ಲ, ಜಿಲ್ಲೆ ಮೂರು ಸಲ ಬದಲಾಯಿತು. ಅವನ ಜಿಪ್ಪಿನೊಳಗೆ 'ದಾವಣಗೆರೆ', ಅದರೊಳಗೆ 'ಬಳ್ಳಾರಿ ಹೊಸದು', ಅದರೊಳಗೆ 'ವಿಜಯನಗರ ಫೈನಲ್', ಅದರೊಳಗೆ 'ಫೈನಲ್ 2'. ಫೋಲ್ಡರಿನೊಳಗೆ ಫೋಲ್ಡರು ಸೇರಿ ಫೈಲಿನ ವಿಳಾಸ 260 ಅಕ್ಷರ ಮುಟ್ಟಿತೆಂದರೆ ವಿಂಡೋಸ್ ಬಿಚ್ಚಲಾರೆ ಎಂದು ಕೈಚೆಲ್ಲುತ್ತದೆ.

ಇವರೆಲ್ಲರ ಬೆವರಿಳಿಸುವುದು ಮಾತ್ರ ಆಧಾರ್. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್‌ಗೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ಇಸವಿ ಹಾಕಿದರಾಯಿತು. ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮಗಳೇ ತುಂಬಿದ ಈ ಸೀಮೆಯಲ್ಲಿ ಆ ನಾಲ್ಕನ್ನು ಅಣ್ಣನ ಬೆರಳು ಹೆಸರು ಕೇಳುವ ಮೊದಲೇ ಒತ್ತಿರುತ್ತದೆ. ಆಧಾರ್‌ನದೇ ಗುರುತಿನ ಫೈಲಾದ ಆಫ್‌ಲೈನ್ ಕೆವೈಸಿ ಜಿಪ್‌ಗೆ ಈ ಆಟ ನಡೆಯದು. ಇಳಿಸಿಕೊಳ್ಳುವಾಗ ನಾವೇ ಇಟ್ಟ ಶೇರ್ ಕೋಡೇ ಬೇಕು.

"ಅಜ್ಜಾ, ಕೋಡ್ ಏನಿಟ್ಟೀರಿ?"

"ನಾ ಎಲ್ಲಿ ಇಡ್ಲೋ ತಮ್ಮಾ, ಮೊಮ್ಮಗ ಇಟ್ಟಾನ."

ಮೊಮ್ಮಗ ಬೆಂಗಳೂರಿನಲ್ಲಿ, ಫೋನ್ ಎತ್ತುತ್ತಿಲ್ಲ. 1234 ಆಯಿತು, ಅಜ್ಜ ಹುಟ್ಟಿದ ಇಸವಿ ಆಯಿತು. "ಕರಪ್ಟ್ ಆಗೇತಿ ಅಜ್ಜಾ" ಎಂದು ತೀರ್ಪು ಖಾಯಂ ಮಾಡುವಷ್ಟರಲ್ಲಿ ಮೊಮ್ಮಗನದೇ ಫೋನ್ ಬಂತು. ಕೋಡ್ ಅಂದರೆ ಅವನ ಬೈಕ್ ನಂಬರಂತೆ.

ತೆರೆಯಿತು. ಒಳಗಿದ್ದುದು ಒಂದು ಎಕ್ಸ್‌ಎಂಎಲ್ ಫೈಲು, ಪರದೆ ತುಂಬ ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲು.

"ಇದ್ರಾಗ ನಿಮ್ ಫೋಟೋನೂ ಐತಿ ಅಜ್ಜಾ, ಅಕ್ಷರದಾಗ ಬರ್ದಾರ." ಅದು ನಿಜವೇ.

ಅಜ್ಜ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

"ಮೀಸಿ ಎಲ್ಲೈತೋ?"

ಅಣ್ಣ ಮೌಸಿನ ಗಾಲಿ ತಿರುಗಿಸುತ್ತ ಕೆಳಗೆ ಕೆಳಗೆ ಹೋದ. "ತಡೀರಿ, ಬರ್ತೈತಿ."