ನಮ್ಮ ಬೀದಿಯ ಪಾಮಯ್ಯ

ನ್ಯೂಜೆರ್ಸಿಯಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರ ಮನೆ ಮುಂದೆಯೂ ಮರಗಳ ಮೇಲೆ ಬಣ್ಣದ ದೀಪ ಮಿನುಗುತ್ತದೆ. ಒಂದು ಮನೆಯಲ್ಲಿ ಮಾತ್ರ ದೀಪಗಳು ದಪ್ಪ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಮಂಕಾಗಿ ಉರಿಯುತ್ತಿರುತ್ತವೆ. ಅದು ಪಾಮಯ್ಯನವರ ಮನೆ.

ಹೆಸರು ನಾವಿಟ್ಟದ್ದು. ಇಂಥವರು ಜರ್ಮನಿಯಲ್ಲೂ ಇದ್ದಾರೆ, ಇಂಗ್ಲೆಂಡಿನಲ್ಲೂ ಇದ್ದಾರೆ: ನಿವೃತ್ತರು, ಹೆಂಡತಿಯ ತಾಳ್ಮೆಯ ಮೇಲೆ ಬದುಕುವವರು, ಹಿಮ ಬೀಳುವ ಊರಿನಲ್ಲಿ ಪಾಮ್ ಮರ ಬೆಳೆಸಿಯೇ ತೀರುತ್ತೇವೆಂದು ಹಟ ತೊಟ್ಟವರು. ಹೊಸಬರು ಸಿಕ್ಕರೆ ಪಾಮಯ್ಯನವರು ಕೇಳುವುದು ಊರು, ಕೆಲಸ ಯಾವುದನ್ನೂ ಅಲ್ಲ; ‘ನಿಮ್ಮದು ಯಾವ ವಲಯ?’ ಅಮೆರಿಕದ ಕೃಷಿ ಇಲಾಖೆ ಚಳಿಯ ಲೆಕ್ಕದಲ್ಲಿ ದೇಶವನ್ನು ವಲಯಗಳಾಗಿ ಹಂಚಿದೆ. 2023ರಲ್ಲಿ ಅದು ಹೊಸ ನಕ್ಷೆ ಹೊರಡಿಸಿದಾಗ ಸುಮಾರು ಅರ್ಧ ದೇಶ ಅರ್ಧ ವಲಯದಷ್ಟು ಬೆಚ್ಚಗಿನ ಕಡೆಗೆ ಸರಿಯಿತು. ಲೋಕಕ್ಕೆಲ್ಲ ಭೂಮಿ ಬಿಸಿಯಾಗುತ್ತಿರುವ ಚಿಂತೆ. ಪಾಮಯ್ಯನವರಿಗೆ ಮಾತ್ರ 7ಎಯಿಂದ 7ಬಿಗೆ ಬಡ್ತಿ; ಬೀದಿಗೆಲ್ಲ ಸಿಹಿ ಹಂಚುವುದೊಂದು ಬಾಕಿ.

ಅವರ ಅಂಗಳದ ಪಟ್ಟದ ರಾಣಿ ಟ್ರಾಕಿಕಾರ್ಪಸ್ ಫಾರ್ಚೂನಿಯೈ. ಚೀನಾ ಮೂಲದ್ದು, ಕಾಂಡಕ್ಕೆಲ್ಲ ನಾರು ಸುತ್ತಿಕೊಂಡೇ ಬೆಳೆಯುವಂಥದ್ದು. 1849ರಲ್ಲಿ ಇಂಗ್ಲೆಂಡಿಗೆ ಇದನ್ನು ಕಳಿಸಿದವನು ರಾಬರ್ಟ್ ಫಾರ್ಚೂನ್. ಚೀನಾದ ಚಹಾ ಗಿಡಗಳನ್ನು ಗುಟ್ಟಾಗಿ ಇಂಡಿಯಾಕ್ಕೆ ಸಾಗಿಸಿದ ಅದೇ ಭೂಪ. ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ಇದು ಜಗ್ಗುವುದಿಲ್ಲ ಎನ್ನುವುದು ಪಾಮಯ್ಯನವರ ವೇದವಾಕ್ಯ. ಹಾಗಾದರೆ ಹೊದಿಕೆ ಏಕೆ ಎಂದು ಮಾತ್ರ ಕೇಳಬಾರದು.

ಎಲ್‌ಇಡಿ ದೀಪ ಕಂಡರೆ ಅವರಿಗಾಗದು. ಅದು ಬಿಸಿಯಾಗುವುದಿಲ್ಲವಲ್ಲ! ಹಳೇ ಕಾಲದ, ಮುಟ್ಟಿದರೆ ಕೈ ಸುಡುವ ಬಲ್ಬಿನ ಸರಗಳಿಗಾಗಿ ಊರೂರಿನ ಗ್ಯಾರೇಜ್ ಸೇಲ್ ಸುತ್ತುತ್ತಾರೆ. ಸರದ ತುದಿಗೊಂದು ಜಾಣ ಪ್ಲಗ್: ತಾಪಮಾನ 35 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದರೆ ತಾನೇ ಹೊತ್ತಿಸುತ್ತದೆ, 45ಕ್ಕೆ ಏರಿದರೆ ತಾನೇ ಆರಿಸುತ್ತದೆ. ಮನೆಯೊಳಗೆ ಹೀಟರ್ ಒಂದು ಡಿಗ್ರಿ ಏರಿಸಲೂ ಅವರಿಗೆ ಕೈ ಬಾರದು. ಹೆಂಡತಿ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು, ಕಿಟಕಿಯಿಂದ ಆ ಬೆಚ್ಚಗಿನ ಮರವನ್ನು ನೋಡುತ್ತ ಕೂತಿರುತ್ತಾರೆ.

ಇದೇ ಪಾಮ್ ಸ್ವಿಟ್ಜರ್ಲೆಂಡಿನ ಟಿಚೀನೋ ಪ್ರಾಂತದಲ್ಲಿ ಕಾಡಿಗೆ ನುಗ್ಗಿ ಕಳೆಯಾಗಿದೆ. 2024ರ ಸೆಪ್ಟೆಂಬರಿನಿಂದ ಆ ದೇಶದಲ್ಲಿ ಇದರ ಮಾರಾಟವೇ ನಿಷಿದ್ಧ. ಖುಷಿಪಡುತ್ತಾರೆಂದು ಹೇಳಿದರೆ ಅವರ ಮುಖ ಬಾಡಿತು. ತಾನಾಗಿ ಬೆಳೆಯುವ ಪಾಮ್ ಅವರಿಗೆ ಬೇಕಾಗಿಯೇ ಇಲ್ಲ. ಮಗಳು ಫ್ಲಾರಿಡಾದಲ್ಲಿದ್ದಾಳೆ, ಅಲ್ಲಿಗೆ ಹೋದರೆ ಎರಡು ದಿನಕ್ಕೇ ಚಡಪಡಿಕೆ. ‘ಅಲ್ಲೇನು ಹೆಚ್ಚುಗಾರಿಕೆ? ಯಾರು ನೆಟ್ಟರೂ ಬರುತ್ತದೆ.’

ಮಾರ್ಚಿನಲ್ಲಿ ಹೊದಿಕೆ ಬಿಚ್ಚುವಾಗ ಉಸಿರು ಬಿಗಿಹಿಡಿದಿರುತ್ತಾರೆ. ಈ ಮರಕ್ಕಿರುವುದು ಒಂದೇ ಸುಳಿ. ಅದು ಸತ್ತರೆ ಪಕ್ಕದಲ್ಲಿ ಚಿಗುರುವ ಮಾತಿಲ್ಲ. ನಡುವಿನ ಎಳೆಯ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಬಿಗಿಯಾಗಿದ್ದರೆ ಮರ ಕ್ಷೇಮ. ಕೈಗೆ ಬಂತೋ, ಬುಡ ಕೊಳೆತು ನಾರುತ್ತಿರುತ್ತದೆ. ಬಿಗಿಯಾಗಿದೆಯೆಂದು ಸುಮ್ಮನಾಗುವವರೇ? ಮರುದಿನ ಕಾಫಿ ಲೋಟ ಹಿಡಿದು ಬಂದು ಮತ್ತೆ ಎಳೆಯುತ್ತಾರೆ.

ತೀರ್ಥಹಳ್ಳಿಯ ಅಡಿಕೆ ತೋಟ ಬಿಟ್ಟು ನಮ್ಮಲ್ಲಿಗೆ ಬಂದಿದ್ದ ಅಪ್ಪಯ್ಯ ಬೇಲಿಯ ಈಚೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ‘ಬಾಣಂತಿ ಆರೈಕೆ ಮಾಡ್ತಾನಲ್ಲ ಮಾರಾಯ ಇವ! ದಿನಾ ಎಳೆದ್ರೆ ಗಟ್ಟಿ ಇದ್ದ ಸುಳಿಯೂ ಕಿತ್ತು ಬರ್ತದೆ ಅಂತ ಹೇಳು.’

ಹೇಳಿದೆ. ಪಾಮಯ್ಯನವರು ಬೇಜಾರು ಮಾಡಿಕೊಳ್ಳದೆ ಒಳಗಿಂದ ನೀಲಿ ಪುಡಿಯ ಡಬ್ಬಿ ತಂದು ತೋರಿಸಿದರು. ಅಪ್ಪಯ್ಯನ ಕಣ್ಣು ಅರಳಿತು. ‘ಮೈಲುತುತ್ತ! ಸುಣ್ಣ ಎಷ್ಟು ಹಾಕ್ತಾನಂತೆ ಕೇಳು.’ ಅಲ್ಲಿಂದ ಮುಂದೆ ಬೋರ್ಡೋ ದ್ರಾವಣದ ಮೇಲೆ ಇಬ್ಬರಿಗೂ ನಾನು ದುಭಾಷಿ. ಅಡಿಕೆಯೂ ಪಾಮೇ ಎಂದೆ. ಊರಲ್ಲಿ ನಿಮಗೆ ಪಾಮ್ ಎಷ್ಟಿವೆ ಎಂದು ಅವರು ಕೇಳಿದರು. ‘ಎಕರೆಗೆ ಐನೂರು ಚಿಲ್ಲರೆ. ಮೂರೆಕರೆ ಉಂಟು’ ಎಂದರು ಅಪ್ಪಯ್ಯ. ಪಾಮಯ್ಯನವರು ಮೆಟ್ಟಿಲ ಮೇಲೆ ಕುಸಿದು ಕೂತರು.

‘ಅಷ್ಟಕ್ಕೂ ಹೊದಿಕೆ?’

‘ಚಳಿಗೆ ಎಂತದೂ ಇಲ್ಲ. ಮಳೆಗಾಲದಲ್ಲಿ ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟಿಸ್ತೇವೆ, ಇಲ್ಲದಿದ್ರೆ ಕೊಳೆರೋಗ. ಮೊದಲು ಅಡಿಕೆ ಹಾಳೆಯದ್ದು, ಈಗ ಪ್ಲಾಸ್ಟಿಕ್ಕು.’

‘ಪ್ಲಾಸ್ಟಿಕ್!’ ಪಾಮಯ್ಯನವರು ಎದ್ದುಬಂದು ಅಪ್ಪಯ್ಯನ ಎರಡೂ ಕೈ ಹಿಡಿದುಕೊಂಡರು. ‘ಅದು ಯಾವ ವಲಯ?’

‘ಶಿವಮೊಗ್ಗ ಜಿಲ್ಲೆ ಅಂತ ಹೇಳು’ ಎಂದರು ಅಪ್ಪಯ್ಯ.